ಹಾರ್ಮೋನ್ ಚಿಕಿತ್ಸೆಗೆ ಡಾಕ್ಟರನ್ನು ಹುಡುಕುವುದು ಹೇಗೆ? ಟ್ರಾನ್ಸ್ ಓದುಗರಿಗೆ ಒಂದು ಮಾರ್ಗದರ್ಶಿ

"ಹಾರ್ಮೋನ್ ಶುರು ಮಾಡಬೇಕು, ಯಾವ ಡಾಕ್ಟರ್ ಹತ್ರ ಹೋಗಲಿ?" ನನಗೆ ಬರುವ ಮೆಸೇಜುಗಳಲ್ಲಿ ಪದೇ ಪದೇ ಇದೇ ಪ್ರಶ್ನೆ. ಕೇಳುವವರಿಗೆ ಒಂದು ಹೆಸರು, ಒಂದು ಫೋನ್ ನಂಬರ್ ಸಿಕ್ಕರೆ ಸಾಕು ಅನ್ನಿಸಿರುತ್ತದೆ. ಆದರೆ ನಾನು ಹೆಸರು ಕೊಡುವುದಿಲ್ಲ. ಡಾಕ್ಟರುಗಳು ಊರು ಬದಲಿಸುತ್ತಾರೆ, ಆಸ್ಪತ್ರೆ ಬಿಡುತ್ತಾರೆ, ಒಬ್ಬರಿಗೆ ಹಿಡಿಸಿದವರು ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ಹುಡುಕುವ ದಾರಿ ಗೊತ್ತಿದ್ದರೆ ಬಳ್ಳಾರಿಯಲ್ಲಿದ್ದರೂ ಶಿರಸಿಯಲ್ಲಿದ್ದರೂ ಕೆಲಸಕ್ಕೆ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲ ಚೀಟಿ ಬರೆದುಕೊಡುವವರು ಹೇಗೋ ಸಿಗುತ್ತಾರೆ. ಮೂರು ತಿಂಗಳಾದ ಮೇಲೆ ರಕ್ತದ ರಿಪೋರ್ಟ್ ಹಿಡಿದು ಹೋದಾಗ ಅದನ್ನು ಕೂತು ಓದಿ, ಡೋಸ್ ಸರಿಮಾಡುವ ಡಾಕ್ಟರ್ ಸಿಗುವುದು ಕಷ್ಟ. ಇದು ವರ್ಷಗಟ್ಟಲೆ ನಡೆಯುವ ಚಿಕಿತ್ಸೆ. ಹಾಗಾಗಿ "ಇವರು ಬರೆದುಕೊಡ್ತಾರಾ?" ಅನ್ನುವುದಕ್ಕಿಂತ "ಇವರ ಹತ್ರ ಮತ್ತೆ ಮತ್ತೆ ಹೋಗೋಕೆ ನನಗೆ ಆಗುತ್ತಾ?" ಅಂತ ಕೇಳಿಕೊಂಡು ಹುಡುಕಿ.

ಇಲ್ಲಿ ಬರೆದಿರುವುದು 18 ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಾದರೆ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು, ದಾರಿಯೂ ಬೇರೆ. ಮನಸ್ಸಿನ ಭಾರ ಹೇಳಿಕೊಳ್ಳಲು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, 14416. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮೊದಲು ಕೆಲವು ಪದಗಳು

ಎಂಡೋಕ್ರೈನಾಲಜಿಸ್ಟ್ ಅಂದರೆ ಹಾರ್ಮೋನ್ ಗ್ರಂಥಿಗಳ ತಜ್ಞರು. ನಮ್ಮ ಊರುಗಳಲ್ಲಿ ಇವರ ಬೋರ್ಡಿನ ಮೇಲೆ ಹೆಚ್ಚಾಗಿ "ಶುಗರ್ ಮತ್ತು ಥೈರಾಯ್ಡ್ ತಜ್ಞರು" ಎಂದಿರುತ್ತದೆ. ಹೆಸರಿನ ಮುಂದೆ ಡಿಎಂ ಅಥವಾ ಡಿಆರ್‌ಎನ್‌ಬಿ ಎಂಡೋಕ್ರೈನಾಲಜಿ ಎಂಬ ಡಿಗ್ರಿ ಇದೆಯಾ ನೋಡಿ.

ಜೆಂಡರ್ ಇನ್‌ಕಾಂಗ್ರುಯೆನ್ಸ್ ಅಂದರೆ ಹುಟ್ಟಿದಾಗ ದಾಖಲೆಯಲ್ಲಿ ಬರೆದ ಲಿಂಗಕ್ಕೂ ನಿಮ್ಮನ್ನು ನೀವು ಅರಿತಿರುವುದಕ್ಕೂ ತಾಳೆಯಾಗದಿರುವುದು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಹಾಕಿದ್ದಾರೆ. ಡಿಸ್ಫೋರಿಯಾ ಅಂದರೆ ಈ ತಾಳೆಯಾಗದಿರುವಿಕೆಯಿಂದ ಆಗುವ ಸಂಕಟ.

ಆಂಟಿ ಆಂಡ್ರೊಜನ್ ಅಂದರೆ ಟೆಸ್ಟೋಸ್ಟೆರಾನ್ ಮಾಡುವ ಕೆಲಸವನ್ನು ತಗ್ಗಿಸುವ ಔಷಧಿ. ಟ್ರಾನ್ಸ್ ಮಹಿಳೆಯರಿಗೆ ಈಸ್ಟ್ರೋಜನ್ ಜೊತೆಗೆ ಇದನ್ನೂ ಕೊಡುತ್ತಾರೆ. ಟ್ರಾನ್ಸ್ ಪುರುಷರಿಗೆ ಮುಖ್ಯವಾಗಿ ಟೆಸ್ಟೋಸ್ಟೆರಾನ್ ಒಂದೇ.

1. ನಿಮಗೆ ಏನು ಬೇಕು ಅಂತ ಬರೆದಿಟ್ಟುಕೊಳ್ಳಿ

ಡಾಕ್ಟರ್ ಎದುರು ಕೂತಾಗ ಮಾತು ತಡವರಿಸುತ್ತದೆ. ಒಂದು ಹಾಳೆಯಲ್ಲಿ ಯಾವ ಬದಲಾವಣೆ ಬೇಕು, ಯಾವುದು ಬೇಡ, ಈಗ ಇರುವ ಕಾಯಿಲೆ, ನುಂಗುತ್ತಿರುವ ಮಾತ್ರೆ, ಬೀಡಿ ಸಿಗರೇಟು ಕುಡಿತದ ಅಭ್ಯಾಸ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದು, ಹಾರ್ಟ್ ಅಟ್ಯಾಕ್, ಸ್ತನ ಕ್ಯಾನ್ಸರ್ ಆಗಿದ್ದು ಎಲ್ಲ ಬರೆಯಿರಿ. ಎಚ್‌ಐವಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಅದರಿಂದ ಹಾರ್ಮೋನ್ ನಿಂತುಹೋಗುವುದಿಲ್ಲ. ಎರಡೂ ಔಷಧಿ ಒಂದಕ್ಕೊಂದು ಹೊಂದುತ್ತವಾ ಅಂತ ಡಾಕ್ಟರ್ ನೋಡಬೇಕು, ಅಷ್ಟೇ.

ಹಾರ್ಮೋನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದೂ ಗೊತ್ತಿರಲಿ. ಈಸ್ಟ್ರೋಜನ್ ಶುರು ಮಾಡಿ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ಎದೆ ಬೆಳೆಯಲು ತೊಡಗುತ್ತದೆ, ಪೂರ್ತಿ ಬೆಳೆಯಲು 2-3 ವರ್ಷ. ದನಿ ಬದಲಾಗುವುದಿಲ್ಲ. ಗಡ್ಡವೂ ಉದುರಿಹೋಗುವುದಿಲ್ಲ, ಅದಕ್ಕೆ ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್ ಬೇಕು. ಟೆಸ್ಟೋಸ್ಟೆರಾನ್‌ನಿಂದ ಮುಟ್ಟು ಕೆಲವು ತಿಂಗಳಲ್ಲಿ ನಿಲ್ಲಬಹುದು, ದನಿ ದಪ್ಪಗಾಗುತ್ತದೆ, ಗಡ್ಡ ಮೀಸೆ ತುಂಬಲು ವರ್ಷಗಳೇ ಬೇಕು. ಎದೆ ಬೆಳೆದದ್ದು, ದನಿ ಒಡೆದದ್ದು, ಗಡ್ಡ ಬಂದದ್ದು ಔಷಧಿ ಬಿಟ್ಟರೂ ಹಿಂದಕ್ಕೆ ಹೋಗುವುದಿಲ್ಲ.

ಮುಂದೆ ಸ್ವಂತ ಮಗು ಬೇಕು ಅನ್ನಿಸಬಹುದಾ? ಹಾಗಿದ್ದರೆ ವೀರ್ಯ ಅಥವಾ ಅಂಡಾಣು ಶೈತ್ಯದಲ್ಲಿ ಇಡುವ ಮಾತನ್ನು ಶುರು ಮಾಡುವ ಮೊದಲೇ ಎತ್ತಿ. ಇದಕ್ಕೆ ಸೇರಿದ ಒಂದು ಎಚ್ಚರಿಕೆ ಟ್ರಾನ್ಸ್ ಪುರುಷರಿಗೆ: ಟೆಸ್ಟೋಸ್ಟೆರಾನ್ ಗರ್ಭನಿರೋಧಕ ಅಲ್ಲ. ಮುಟ್ಟು ನಿಂತಿದ್ದರೂ ಗರ್ಭ ನಿಲ್ಲಬಹುದು. ಆ ಸಮಯದಲ್ಲಿ ಈ ಔಷಧಿ ಭ್ರೂಣಕ್ಕೆ ಹಾನಿ ಮಾಡುತ್ತದೆ.

2. ಮನೋವೈದ್ಯರ ಪತ್ರ

ನಮ್ಮಲ್ಲಿ ಬಹುತೇಕ ಎಂಡೋಕ್ರೈನಾಲಜಿಸ್ಟ್‌ಗಳು ಮೊದಲು ಕೇಳುವುದು ಇದನ್ನೇ. ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ನಿಮ್ಮ ಜೊತೆ ಮಾತಾಡಿ, ನಿಮಗೆ ಜೆಂಡರ್ ಇನ್‌ಕಾಂಗ್ರುಯೆನ್ಸ್ ಇದೆ, ಚಿಕಿತ್ಸೆಯ ಒಳಿತು ಕೆಡುಕು ತಿಳಿದು ಒಪ್ಪಿಗೆ ಕೊಡುವ ಶಕ್ತಿ ನಿಮಗಿದೆ ಎಂದು ಬರೆದುಕೊಡುವ ಪತ್ರ ಅದು. ಪತ್ರವಿಲ್ಲದೆ ಎಂಡೋಕ್ರೈನಾಲಜಿಸ್ಟ್ ಹತ್ತಿರ ಹೋಗಿ, ಫೀಸ್ ಕೊಟ್ಟು, "ಲೆಟರ್ ತಗೊಂಡು ಬನ್ನಿ" ಅನ್ನಿಸಿಕೊಂಡು ವಾಪಸ್ ಬರುವವರೇ ಜಾಸ್ತಿ. ಹಾಗಾಗಿ ಇದನ್ನು ಮೊದಲು ಮುಗಿಸಿ.

ಎಲ್ಲಿ ಹೋಗಬಹುದು? ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಜಿಲ್ಲಾಸ್ಪತ್ರೆಗಳಲ್ಲಿ, ಮೆಡಿಕಲ್ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಅಂತ ವಿಚಾರಿಸಿ. ಆಪ್ತ ಸಮಾಲೋಚಕರು, ಅಂದರೆ ಕೌನ್ಸೆಲರ್‌ಗಳು, ಕೊಡುವ ಪತ್ರವನ್ನು ಕೆಲವು ಆಸ್ಪತ್ರೆಗಳು ಒಪ್ಪುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ ನೋಂದಣಿ ಇದೆಯಾ ಕೇಳಿ. ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು.

ಪತ್ರ ಲೆಟರ್‌ಹೆಡ್‌ನಲ್ಲಿರಲಿ. ತಾರೀಖು, ಸಹಿ, ಡಾಕ್ಟರ ನೋಂದಣಿ ಸಂಖ್ಯೆ, ಎಷ್ಟು ಸಲ ನಿಮ್ಮನ್ನು ಕಂಡರು ಎಂಬುದು ಇರಲೇಬೇಕು. ಎರಡು ಅಸಲಿ ಪ್ರತಿ ಕೇಳಿ ಪಡೆಯಿರಿ. ಒಂದು ಆಸ್ಪತ್ರೆಯ ಫೈಲಿಗೆ ಹೋಗುತ್ತದೆ, ಮತ್ತೆ ಕೈಗೆ ಬರುವುದಿಲ್ಲ.

ಇಲ್ಲಿ ಎಡವುವ ಜಾಗಗಳು ಹಲವು. ಖಿನ್ನತೆ, ಆತಂಕಕ್ಕೆ ಮಾತ್ರೆ ತಗೊಳ್ತಿದ್ದರೆ ಪತ್ರ ಸಿಗಲ್ಲ ಅಂತ ಹೆದರಿ ಸುಳ್ಳು ಹೇಳುವವರಿದ್ದಾರೆ. ಬೇಡ. ಅದು ಹತೋಟಿಯಲ್ಲಿದ್ದರೆ ಹಾರ್ಮೋನ್‌ಗೆ ಅಡ್ಡಿಯಿಲ್ಲ. "ಚಿಕ್ಕಂದಿನಿಂದಲೂ ಸೀರೆ ಉಡ್ತಿದ್ದೆ" ಅಂತ ಯಾರೋ ಹೇಳಿಕೊಟ್ಟ ಕಥೆಯನ್ನು ಒಪ್ಪಿಸುವುದೂ ಬೇಡ. ನಿಮ್ಮ ಕಥೆ ಹೇಗಿದೆಯೋ ಹಾಗೇ ಹೇಳಿ. "ಎರಡು ವರ್ಷ ಹೆಂಗಸಾಗಿ ಬದುಕಿ ತೋರಿಸಿ, ಆಮೇಲೆ ನೋಡೋಣ" ಎಂದರೆ, ಹಾರ್ಮೋನ್ ಶುರು ಮಾಡಲು ಈಗಿನ ಅಂತಾರಾಷ್ಟ್ರೀಯ ಮಾರ್ಗಸೂಚಿ ಅದನ್ನು ಕೇಳುವುದಿಲ್ಲ ಎಂದು ಮೆಲ್ಲಗೆ ಹೇಳಿ. ಆ ಮಾರ್ಗಸೂಚಿ ಟ್ರಾನ್ಸ್ ಆರೋಗ್ಯ ತಜ್ಞರ ಅಂತಾರಾಷ್ಟ್ರೀಯ ಸಂಸ್ಥೆಯಾದ ಡಬ್ಲ್ಯುಪ್ಯಾತ್‌ನದು, 8ನೇ ಆವೃತ್ತಿ 2022ರಲ್ಲಿ ಬಂದಿದೆ.

"ಇದನ್ನು ಸರಿಮಾಡಿ ಮದುವೆ ಮಾಡಿಸಬಹುದು" ಅನ್ನುವವರು ಸಿಕ್ಕರೆ ಎದ್ದು ಬನ್ನಿ. ಹಾಗೆ ಬದಲಾಯಿಸುವ ಚಿಕಿತ್ಸೆಗೆ ಕನ್ವರ್ಷನ್ ಥೆರಪಿ ಎನ್ನುತ್ತಾರೆ. ಮದ್ರಾಸ್ ಹೈಕೋರ್ಟಿನ ಆದೇಶದ ನಂತರ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೃತ್ತಿ ದುರ್ನಡತೆ ಎಂದು ಘೋಷಿಸಿದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.

3. ಪಟ್ಟಿ ಮಾಡಿ

ಮೊದಲ ಮೂಲ ನಿಮ್ಮದೇ ಸಮುದಾಯ. ನಿಮ್ಮೂರಲ್ಲಿ ಯಾರು ಹಾರ್ಮೋನ್ ಮೇಲೆ ಇದ್ದಾರೆ, ಯಾರ ಹತ್ರ ಹೋಗ್ತಾರೆ, ಕೇಳಿ. ಆದರೆ "ಅವರು ಚೆನ್ನಾಗಿ ಮಾತಾಡ್ತಾರೆ" ಎಂಬಲ್ಲಿಗೇ ನಿಲ್ಲಿಸಬೇಡಿ. "ರಕ್ತ ಪರೀಕ್ಷೆ ಬರೆದರಾ? ಮತ್ತೆ ಯಾವಾಗ ಬರೋಕೆ ಹೇಳಿದರು?" ಅಂತ ಕೆದಕಿ. ಬೆಂಗಳೂರಿನಲ್ಲಿ ಸಂಗಮ, ಒಂದೆಡೆ, ಪಯಣದಂಥ ಸಂಸ್ಥೆಗಳು ಈ ಸಮುದಾಯದ ಜೊತೆ ಕೆಲಸ ಮಾಡುತ್ತಿವೆ. ಜಿಲ್ಲೆಗಳಲ್ಲಿ ಏಡ್ಸ್ ತಡೆಗಟ್ಟುವ ಸಂಘ ಬೆಂಬಲಿಸುವ ಸಮುದಾಯ ಸಂಸ್ಥೆಗಳಿವೆ. ಅಲ್ಲಿನ ಕಾರ್ಯಕರ್ತರಿಗೆ ಯಾವ ಡಾಕ್ಟರ್ ಮುಖ ಸಿಂಡರಿಸದೆ ನೋಡುತ್ತಾರೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ.

ಎರಡನೆಯದು ಮೆಡಿಕಲ್ ಕಾಲೇಜು ಆಸ್ಪತ್ರೆಗಳು. ಬೆಂಗಳೂರಿನ ಸೇಂಟ್ ಜಾನ್ಸ್, ಮಣಿಪಾಲದ ಕೆಎಂಸಿಯಂಥ ಕಡೆ ಎಂಡೋಕ್ರೈನಾಲಜಿ ವಿಭಾಗವೇ ಇದೆ. ವಿಭಾಗ ಇದೆ ಅಂದಮಾತ್ರಕ್ಕೆ ಎಲ್ಲ ಡಾಕ್ಟರೂ ಈ ಚಿಕಿತ್ಸೆ ಕೊಡುತ್ತಾರೆ ಎಂದಲ್ಲ. ಕೇಳಿಯೇ ಹೋಗಬೇಕು.

ಎಂಡೋಕ್ರೈನಾಲಜಿಸ್ಟೇ ಆಗಬೇಕಾ? ಇಲ್ಲ. ಕಲಿತು, ಅನುಭವ ಇರುವ ಎಂಡಿ ಫಿಸಿಶಿಯನ್ ಅಥವಾ ಸ್ತ್ರೀರೋಗ ತಜ್ಞರೂ ನೋಡಬಹುದು. ನನ್ನನ್ನು ಕೇಳಿದರೆ, ಹತ್ತು ತಾಸು ಬಸ್ಸಿನಲ್ಲಿ ಕೂತು ಹೋಗಬೇಕಾದ ದೊಡ್ಡ ಹೆಸರಿಗಿಂತ, ಕಲಿಯಲು ತಯಾರಿರುವ ಹತ್ತಿರದ ಫಿಸಿಶಿಯನ್ ಮೇಲು. ಎರಡನ್ನೂ ಹೊಂದಿಸುವ ದಾರಿಯೂ ಇದೆ: ದೊಡ್ಡ ಊರಿನ ತಜ್ಞರಿಂದ ಶುರು ಮಾಡಿಸಿ, ನಡುವಿನ ತಪಾಸಣೆಗೆ ಊರಿನ ಫಿಸಿಶಿಯನ್. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ವಿಡಿಯೊ ಕರೆಯಲ್ಲಿ ಡಾಕ್ಟರನ್ನು ಕಾಣುವುದಕ್ಕೆ ನಿಯಮದ ಬಲವೂ ಇದೆ. ಆದರೆ ಬಿಪಿ ನೋಡಲು, ರಕ್ತ ತೆಗೆಯಲು, ಇಂಜೆಕ್ಷನ್ ಚುಚ್ಚಲು ಊರಲ್ಲಿ ಒಬ್ಬರು ಬೇಕೇ ಬೇಕು.

ಪಟ್ಟಿಯಲ್ಲಿರುವ ಪ್ರತಿ ಹೆಸರನ್ನೂ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೋಂದಣಿ ಪಟ್ಟಿಯಲ್ಲಿ ಹುಡುಕಿ ನೋಡಿ. "ಹಾರ್ಮೋನ್ ಸ್ಪೆಷಲಿಸ್ಟ್" ಅಂತ ಬೋರ್ಡ್ ಹಾಕಿಕೊಂಡು ಬ್ರಾಂಡ್ ಹೆಸರಿಲ್ಲದ ಇಂಜೆಕ್ಷನ್ ಚುಚ್ಚುವವರೂ ಇದ್ದಾರೆ.

4. ಹೋಗುವ ಮೊದಲು ಫೋನ್ ಮಾಡಿ

ರಿಸೆಪ್ಷನ್‌ನಲ್ಲಿ ಫೋನ್ ಎತ್ತುವವರಿಗೆ ನಿಮ್ಮ ಜೀವನದ ಕಥೆ ಬೇಕಿಲ್ಲ. ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ.

"ಡಾಕ್ಟರ್ ಟ್ರಾನ್ಸ್‌ಜೆಂಡರ್ ಹಾರ್ಮೋನ್ ಥೆರಪಿ ನೋಡ್ತಾರಾ?"
"ಥೈರಾಯ್ಡಾ ಮೇಡಂ? ಶುಗರಾ?"
"ಎರಡೂ ಅಲ್ಲ. ಜೆಂಡರ್ ಅಫರ್ಮಿಂಗ್ ಹಾರ್ಮೋನ್ ಥೆರಪಿ. ಡಾಕ್ಟರನ್ನ ಒಂದು ಸಲ ಕೇಳಿ ಹೇಳ್ತೀರಾ? ನಾನು ಸಂಜೆ ಮತ್ತೆ ಮಾಡ್ತೀನಿ."

ಕೊನೆಯ ಸಾಲು ಮುಖ್ಯ. "ಅದೆಲ್ಲ ಇಲ್ಲಿ ಮಾಡಲ್ಲ" ಅನ್ನುವುದು ಬಹಳ ಸಲ ರಿಸೆಪ್ಷನಿಸ್ಟ್ ಮಾತೇ ಹೊರತು ಡಾಕ್ಟರ ಮಾತಲ್ಲ. ಫೋನಲ್ಲಿ ಹೇಳಲು ಮುಜುಗರವಾದರೆ ಕ್ಲಿನಿಕ್ಕಿನ ವಾಟ್ಸಾಪ್ ನಂಬರ್ ಕೇಳಿ ಇದೇ ಪ್ರಶ್ನೆ ಬರೆದು ಕಳಿಸಿ. ಜೊತೆಗೆ ಮೂರು ವಿಷಯ ಕೇಳಿ: ಫೀಸ್ ಎಷ್ಟು, ಮನೋವೈದ್ಯರ ಪತ್ರ ಬೇಕಾ, ರಿಪೋರ್ಟ್ ತೋರಿಸಲು ಮತ್ತೆ ಬಂದಾಗ ಎಷ್ಟು ದಿನದೊಳಗೆ ಫೀಸ್ ಇಲ್ಲ.

5. ಮೊದಲ ಭೇಟಿ

ಮನೋವೈದ್ಯರ ಪತ್ರ, ಗುರುತಿನ ಚೀಟಿ, ಹಳೇ ರಿಪೋರ್ಟುಗಳು, ನೀವು ಬರೆದಿಟ್ಟ ಹಾಳೆ ಒಂದು ಫೈಲಿನಲ್ಲಿರಲಿ. ಆಧಾರ್‌ನಲ್ಲಿ ಹಳೇ ಹೆಸರು ಇದ್ದರೂ ತೊಂದರೆಯಿಲ್ಲ. ಆದರೆ ಕಾಯುವ ಜಾಗದಲ್ಲಿ ಆ ಹೆಸರನ್ನು ಜೋರಾಗಿ ಕೂಗುತ್ತಾರೆ. ಸೀರೆಯುಟ್ಟು ಕೂತವರನ್ನು "ಮಂಜುನಾಥ್, ಮಂಜುನಾಥ್ ಯಾರ್ರೀ?" ಅಂತ ಕರೆದರೆ ಇಡೀ ಸಾಲು ತಿರುಗಿ ನೋಡುತ್ತದೆ. ಚೀಟಿ ಮಾಡಿಸುವಾಗಲೇ "ಟೋಕನ್ ನಂಬರ್ ಕೂಗಿ, ಇಲ್ಲಾಂದ್ರೆ ಇನಿಶಿಯಲ್ ಹೇಳಿ" ಅಂತ ಕೇಳಿಕೊಳ್ಳಿ. ಮೆಲುದನಿಯಲ್ಲಿ ಕೇಳಿದರೆ ಬಹುತೇಕರು ಒಪ್ಪುತ್ತಾರೆ. ಕರೆಯುವ ಹೆಸರನ್ನು ಫೈಲಿನ ಮೇಲೆ ಪೆನ್ಸಿಲ್‌ನಲ್ಲಿ ಬರೆಸುವುದೂ ಆಗುತ್ತದೆ.

ಒಳ್ಳೆಯ ಡಾಕ್ಟರ್ ಮೊದಲ ದಿನವೇ ಔಷಧಿ ಬರೆಯದೆ ಇರಬಹುದು. ನಿರಾಸೆ ಬೇಡ, ಅದು ಒಳ್ಳೆಯ ಲಕ್ಷಣ. ಬಿಪಿ, ತೂಕ ನೋಡಿ, ರಕ್ತದ ಎಣಿಕೆ, ಲಿವರ್, ಕಿಡ್ನಿ, ಕೊಬ್ಬು, ಶುಗರ್, ಟೆಸ್ಟೋಸ್ಟೆರಾನ್, ಈಸ್ಟ್ರಡಯಾಲ್, ಪ್ರೊಲ್ಯಾಕ್ಟಿನ್ ಪರೀಕ್ಷೆ ಬರೆಯುತ್ತಾರೆ. ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ದೀರಾ? ಅದು ಹಾರ್ಮೋನ್ ಪರೀಕ್ಷೆಯ ಅಂಕಿಗಳನ್ನೇ ತಪ್ಪು ತೋರಿಸಬಹುದು. ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಕೇಳಿ ಆಮೇಲೆ ರಕ್ತ ಕೊಡಿ.

ಆಗಲೇ ಸ್ವಂತವಾಗಿ ಮಾತ್ರೆ ನುಂಗುತ್ತಿದ್ದರೆ ಹೇಳಲೇಬೇಕು. ನಮ್ಮಲ್ಲಿ ತುಂಬಾ ಜನ ಶುರು ಮಾಡುವುದೇ ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು. ಆ ಮಾತ್ರೆಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದು ಎಥಿನೈಲ್ ಈಸ್ಟ್ರಡಯಾಲ್. ರಕ್ತ ಹೆಪ್ಪುಗಟ್ಟಿಸುವ ಅಪಾಯ ಇದರಲ್ಲಿ ಜಾಸ್ತಿ, ಅದಕ್ಕೇ ಟ್ರಾನ್ಸ್ ಮಹಿಳೆಯರ ಚಿಕಿತ್ಸೆಯಲ್ಲಿ ಇದನ್ನು ಬಳಸಬೇಡಿ ಎಂದು ಮಾರ್ಗಸೂಚಿಗಳು ಹೇಳುತ್ತವೆ. ಬೇಗ ಎದೆ ಬರಲಿ ಅಂತ ದಿನಕ್ಕೆ ನಾಲ್ಕೈದು ನುಂಗುವುದು, ಅದರ ಮೇಲೆ ಸಿಗರೇಟು, ಇದು ಪ್ರಾಣಕ್ಕೇ ಕುತ್ತು. ಡಾಕ್ಟರ್ ಬೈದರೂ ಬೈಯಲಿ, ಎಷ್ಟು ತಿಂಗಳಿಂದ ಏನು ನುಂಗಿದಿರಿ ಎಂಬುದನ್ನು ಬಿಚ್ಚಿ ಹೇಳಿ.

ಇನ್ನೊಂದು ಗುಂಪಿಗೂ ಡಾಕ್ಟರ್ ಬೇಕು, ಇವರ ಬಗ್ಗೆ ಯಾರೂ ಮಾತಾಡುವುದಿಲ್ಲ. ನಿರ್ವಾಣ ಆಗಿರುವವರು, ಅಂದರೆ ಹಿಜ್ರಾ ಸಂಪ್ರದಾಯದಂತೆ ಶಿಶ್ನ, ವೃಷಣ ತೆಗೆಸಿಕೊಂಡವರು. ವೃಷಣ ತೆಗೆಸಿದ ಮೇಲೆ "ಇನ್ನೇನು, ಎಲ್ಲ ಮುಗೀತು" ಅಂತ ಔಷಧಿ ಬಿಟ್ಟು ಕೂತವರು ಎಷ್ಟೋ ಮಂದಿ. ದೇಹದಲ್ಲಿ ಟೆಸ್ಟೋಸ್ಟೆರಾನ್ ಹೆಚ್ಚುಕಡಿಮೆ ಇಲ್ಲವಾಗಿ, ಈಸ್ಟ್ರೋಜನ್ನೂ ಹೊರಗಿನಿಂದ ಬರದಿದ್ದರೆ ಮೂಳೆ ಸವೆಯುತ್ತದೆ. ಸುಸ್ತು, ಮೈ ಬಿಸಿಯೇರುವುದು, ನಡುವಯಸ್ಸಿಗೇ ಸಣ್ಣ ಬಿದ್ದರೂ ಮೂಳೆ ಮುರಿಯುವುದು ಇದರಿಂದಲೇ ಇರಬಹುದು. ಇವರಿಗೆ ಆಂಟಿ ಆಂಡ್ರೊಜನ್ ಬೇಕಿಲ್ಲ, ಈಸ್ಟ್ರೋಜನ್ ಬೇಕು. ಗುರುಗಳು ನಲವತ್ತೈದು ದಾಟಿದವರಾದರೂ ಒಂದು ಸಲ ಕರೆದುಕೊಂಡು ಹೋಗಿ, ಮೂಳೆ ಸಾಂದ್ರತೆ ಪರೀಕ್ಷೆ ಬೇಕಾ ಎಂದು ಕೇಳಿ.

6. ಉಳಿಯಬೇಕಾ, ಬಿಡಬೇಕಾ?

ಪರೀಕ್ಷೆಯಿಲ್ಲದೆ ಬರೆದುಕೊಟ್ಟರು, ಔಷಧಿಯ ಹೆಸರು ಹೇಳದೆ ತಾವೇ ಇಂಜೆಕ್ಷನ್ ಚುಚ್ಚಿದರು, ಬೇಕಿಲ್ಲದೆ ಖಾಸಗಿ ಅಂಗ ತೋರಿಸಲು ಹೇಳಿದರು, ವಿದ್ಯಾರ್ಥಿಗಳನ್ನು ನಿಮ್ಮನ್ನು ಕೇಳದೆ ಸುತ್ತ ನಿಲ್ಲಿಸಿದರು: ಇವು ಬಿಟ್ಟುಬರಲು ಸಾಕಾದ ಕಾರಣ. "ಅಪ್ಪ ಅಮ್ಮನ ಕರ್ಕೊಂಡು ಬನ್ನಿ" ಎನ್ನುವುದು ಸ್ವಲ್ಪ ಬೇರೆ. ವಯಸ್ಕರ ಚಿಕಿತ್ಸೆಗೆ ಮನೆಯವರ ಸಹಿ ಬೇಕಿಲ್ಲ. ಎಷ್ಟೋ ಡಾಕ್ಟರುಗಳು ನಾಳೆ ಮನೆಯವರು ಗಲಾಟೆ ಮಾಡ್ತಾರೆ ಎಂಬ ಭಯದಿಂದ ಕೇಳುತ್ತಾರೆ. "ಒಪ್ಪಿಗೆ ಪತ್ರಕ್ಕೆ ನಾನೇ ಸಹಿ ಮಾಡ್ತೀನಿ, ಜೊತೆಗೆ ಸ್ನೇಹಿತರೊಬ್ಬರು ಸಾಕ್ಷಿ ಹಾಕ್ತಾರೆ" ಎಂದು ಹೇಳಿ ನೋಡಿ. ಕೆಲವರು ಒಪ್ಪುತ್ತಾರೆ.

ಸರ್ವನಾಮ ತಪ್ಪಿದ್ದಕ್ಕೇ ಡಾಕ್ಟರನ್ನು ಬಿಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ತಿದ್ದಿದ ಮೇಲೆ ತಿದ್ದಿಕೊಳ್ಳುತ್ತಾರಾ ನೋಡಿ.

7. ಔಷಧಿ ತರುವುದು

ಈಸ್ಟ್ರಡಯಾಲ್ ವ್ಯಾಲರೇಟ್ ಎಂಬ ಈಸ್ಟ್ರೋಜನ್, ಸ್ಪೈರೊನೊಲ್ಯಾಕ್ಟೋನ್ ಎಂಬ ಆಂಟಿ ಆಂಡ್ರೊಜನ್, ಟೆಸ್ಟೋಸ್ಟೆರಾನ್ ಎಲ್ಲವೂ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಿಗಳು. ಚೀಟಿಯಲ್ಲಿ ಔಷಧಿ, ಡೋಸ್, ಎಷ್ಟು ತಿಂಗಳಿಗೆ ಎಂಬುದು ಓದುವ ಹಾಗೆ ಬರೆಸಿಕೊಳ್ಳಿ. ಟೆಸ್ಟೋಸ್ಟೆರಾನನ್ನು ಜಿಮ್ಮಿನಲ್ಲಿ ಮಾರುವವರಿಂದ ಕೊಳ್ಳಬೇಡಿ, ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿಲ್ಲ. ಸೂಜಿ ಹಂಚಿಕೊಳ್ಳುವುದಂತೂ ಬೇಡವೇ ಬೇಡ. ಸಸ್ಟನಾನ್ ಎಂಬ ಇಂಜೆಕ್ಷನ್ ಕಡಲೆಕಾಯಿ ಎಣ್ಣೆಯಲ್ಲಿ ತಯಾರಾಗಿರುತ್ತದೆ. ಕಡಲೆಕಾಯಿ ಅಲರ್ಜಿ ಇದ್ದವರು ಮೊದಲೇ ಹೇಳಿ.

ಸ್ಪೈರೊನೊಲ್ಯಾಕ್ಟೋನ್ ತಗೊಳ್ಳುವವರಿಗೆ ನಮ್ಮ ನೆಲದ್ದೇ ಒಂದು ಎಚ್ಚರಿಕೆ. ಈ ಮಾತ್ರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತದೆ. ಎಳನೀರಿನಲ್ಲೂ ಪೊಟ್ಯಾಸಿಯಂ ಜಾಸ್ತಿ. ಬೇಸಿಗೆ ಅಂತ ದಿನಕ್ಕೆ ಎರಡು ಮೂರು ಎಳನೀರು ಕುಡಿಯುವ ಅಭ್ಯಾಸ ಇದ್ದರೆ ಡಾಕ್ಟರಿಗೆ ತಿಳಿಸಿ.

ಖರ್ಚಿನ ಮಾತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆ, ಹಾರ್ಮೋನ್ ಚಿಕಿತ್ಸೆಯ ಸೌಲಭ್ಯ ಒದಗಿಸುವುದು ಸರ್ಕಾರದ ಹೊಣೆ ಎಂದಿತು. 2022ರಲ್ಲಿ ಕೇಂದ್ರ ಘೋಷಿಸಿದ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಯೋಜನೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ. ಇದಕ್ಕೆ ರಾಷ್ಟ್ರೀಯ ಪೋರ್ಟಲ್‌ನಿಂದ ಪಡೆದ ಟ್ರಾನ್ಸ್‌ಜೆಂಡರ್ ಪ್ರಮಾಣಪತ್ರ ಬೇಕು. ಕಾರ್ಡ್ ನಂಬಿ ನೇರ ಹೋಗಬೇಡಿ. ಆ ಆಸ್ಪತ್ರೆ ಯೋಜನೆಯಲ್ಲಿದೆಯಾ, ಹಾರ್ಮೋನ್ ಅದರಲ್ಲಿ ಸೇರುತ್ತದಾ ಎಂದು ಆಯುಷ್ಮಾನ್ ಕೌಂಟರಿನಲ್ಲಿ ಮೊದಲು ಕೇಳಿ. ಕೈಯಿಂದಲೇ ಕೊಡುವುದಾದರೆ, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಯನ್ನು ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ.

8. ಮೂರು ತಿಂಗಳ ಮೇಲೆ

ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ ತಪಾಸಣೆ ಬೇಕು. ಲ್ಯಾಬ್ ಅರ್ಜಿಯಲ್ಲಿ ಗಂಡು ಅಥವಾ ಹೆಣ್ಣು ಎಂದು ಬರೆದದ್ದನ್ನು ನೋಡಿ ಕಂಪ್ಯೂಟರ್ "ನಾರ್ಮಲ್" ಮಿತಿ ಹಾಕುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ ದಪ್ಪಕ್ಷರ, ಬಾಣದ ಗುರುತು ಕಂಡು ಗಾಬರಿಯಾಗಬೇಡಿ, ಓದುವುದು ಡಾಕ್ಟರ ಕೆಲಸ. ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಇದ್ದವರು ರಕ್ತ ಯಾವ ದಿನ ಕೊಡಬೇಕು ಎಂದು ಕೇಳಿ. ಎರಡು ಮೂರು ವಾರದ ಇಂಜೆಕ್ಷನ್ ಆದರೆ ಎರಡು ಇಂಜೆಕ್ಷನ್ ನಡುವೆ, ಮೂರು ತಿಂಗಳ ಇಂಜೆಕ್ಷನ್ ಆದರೆ ಮುಂದಿನದಕ್ಕೆ ಸ್ವಲ್ಪ ಮೊದಲು. ಇವರಿಗೆ ರಕ್ತ ದಪ್ಪಗಾಗುತ್ತಿದೆಯಾ ಎಂದು ಹಿಮಟೋಕ್ರಿಟ್ ಎಂಬ ಅಂಕಿಯನ್ನೂ ನೋಡುತ್ತಾರೆ.

ಒಂದೇ ಕಾಲು ಊದಿ ನೋಯುವುದು, ಎದೆನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಹಿಂದೆಂದೂ ಬಾರದ ತಲೆನೋವು, ಕಣ್ಣು ಮಂಜಾಗುವುದು ಕಂಡರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹಾರ್ಮೋನ್ ತಗೊಳ್ತಿದ್ದೇನೆ ಎಂದು ಕ್ಯಾಶುವಾಲ್ಟಿಯಲ್ಲಿ ಮೊದಲೇ ಹೇಳಿ.

ಪ್ರತಿ ಚೀಟಿ, ಪ್ರತಿ ರಿಪೋರ್ಟನ್ನು ಮೊಬೈಲಿನಲ್ಲಿ ಫೋಟೊ ತೆಗೆದು ತಾರೀಖಿನ ಪ್ರಕಾರ ಇಡಿ. ಡಾಕ್ಟರ್ ವರ್ಗವಾಗಬಹುದು, ನೀವೇ ಕೆಲಸಕ್ಕೆ ಅಂತ ಬೇರೆ ಊರಿಗೆ ಹೋಗಬಹುದು. ಹೊಸ ಡಾಕ್ಟರ್ ಕೈಗೆ ಹಿಂದಿನವರ ಒಂದು ಪುಟದ ಸಾರಾಂಶ ಪತ್ರ ಮತ್ತು ಕೊನೆಯ ಎರಡು ರಿಪೋರ್ಟ್ ಕೊಟ್ಟರೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡುವ ಪ್ರಸಂಗ ಬರುವುದಿಲ್ಲ. ಆ ಸಾರಾಂಶ ಪತ್ರವನ್ನು ಊರು ಬಿಡುವ ತಿಂಗಳು ಮೊದಲೇ ಕೇಳಿಟ್ಟುಕೊಳ್ಳಿ, ಔಷಧಿಯನ್ನೂ ಒಂದು ತಿಂಗಳಿಗೆ ಜಾಸ್ತಿಯೇ ಬರೆಸಿಕೊಳ್ಳಿ.